ದೇವರ ಮನೆಯ ಪಟದಿಂದ ಶುರು ಮಾಡಿ: ಮಕ್ಕಳಿಗೆ ರಾಜಾ ರವಿವರ್ಮನ ಬದುಕನ್ನು ಪರಿಚಯಿಸುವ ಬಗೆ

ರವಿವರ್ಮ ಎಂಬ ಹೆಸರನ್ನೇ ಕೇಳದ ಮಕ್ಕಳು ಕೂಡ ಅವನ ಚಿತ್ರಗಳನ್ನು ನೋಡಿಕೊಂಡೇ ಬೆಳೆದಿರುತ್ತಾರೆ. ಕಮಲದ ಮೇಲೆ ನಿಂತ ಲಕ್ಷ್ಮಿ, ಬಂಡೆಯ ಮೇಲೆ ಕೂತು ವೀಣೆ ನುಡಿಸುವ ಸರಸ್ವತಿ, ಪಕ್ಕದಲ್ಲಿ ನವಿಲು. ದೇವರ ಮನೆಯಲ್ಲಿ, ಅಂಗಡಿಯ ಗಲ್ಲಾದ ಮೇಲೆ, ಕ್ಯಾಲೆಂಡರಿನಲ್ಲಿ, ಮದುವೆ ಕಾಗದದಲ್ಲಿ ಅವೇ ರೂಪಗಳು. ಭಾರತದ ಮಕ್ಕಳಿಗೆ ಒಬ್ಬ ಮಹಾನ್ ಚಿತ್ರಕಾರನ ಬದುಕನ್ನು ಮೊದಲ ಸಲ ಹೇಳಬೇಕಾದರೆ ಇವನಿಗಿಂತ ಹತ್ತಿರದವನು ಸಿಗುವುದು ಕಷ್ಟ.

ಆದರೆ ಹೇಳುವ ರೀತಿಯಲ್ಲೇ ನಾವು ಸೋಲುತ್ತೇವೆ. ಬಹುಮಾನಕ್ಕೆಂದು ಕೊಡುವ ತೆಳು ಪುಸ್ತಕಗಳಲ್ಲಿ ದೊಡ್ಡವರ ಬದುಕು ಹೇಗಿರುತ್ತದೆಂದು ನಮಗೆ ಗೊತ್ತೇ ಇದೆ: ಇಂಥ ವರ್ಷ ಹುಟ್ಟಿದ, ಚಿಕ್ಕಂದಿನಲ್ಲೇ ಅದ್ಭುತ ಪ್ರತಿಭೆ, ಇಷ್ಟು ಪದಕ, ಇಂಥ ದಿನ ತೀರಿಕೊಂಡ. ಮಗು ಓದಿ ಮುಗಿಸಿ ಪುಸ್ತಕ ಮಡಚಿಡುತ್ತದೆ. ಅವರು ಹುಟ್ಟುತ್ತಲೇ ದೊಡ್ಡವರು, ನಾನು ಹಾಗಲ್ಲ ಎಂಬ ಒಂದು ಭಾವನೆ ಮಾತ್ರ ಅದರೊಳಗೆ ಉಳಿಯುತ್ತದೆ. ರವಿವರ್ಮನ ಬದುಕು ಇದಕ್ಕೆ ತೀರಾ ವಿರುದ್ಧವಾದದ್ದು. ಯಾರು ಅವನ ಕೈಹಿಡಿದು ಬರೆಸಿದರು, ಯಾರು ಕಲಿಸಲು ಒಪ್ಪಲಿಲ್ಲ, ಯಾರು ಕದ್ದು ಕಲಿಸಿದರು, ಯಾರು ಪಕ್ಕದಲ್ಲಿ ನಿಂತು ಹಿನ್ನೆಲೆಯ ಬೆಟ್ಟ ಬರೆದರು, ಯಾರು ಕಲ್ಲಿನ ಮೇಲೆ ಬಣ್ಣ ಉರುಳಿಸಿ ಅಚ್ಚು ಹಾಕಿದರು ಎಂಬುದೆಲ್ಲ ಸೇರಿದರೇ ಆ ಕಥೆ ಪೂರ್ತಿಯಾಗುವುದು. ಸುತ್ತ ನಿಂತವರನ್ನು ಬಿಟ್ಟು ನಡುವಿನವನೊಬ್ಬನನ್ನೇ ತೋರಿಸಬೇಡಿ. ಈ ಮಾರ್ಗದರ್ಶಿಯ ಒಂದೊಂದು ಹಂತವನ್ನೂ ಅದಕ್ಕೆಂದೇ ಜೋಡಿಸಿದ್ದೇನೆ.

ಎಂಟರಿಂದ ಹದಿಮೂರು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮನೆಯಲ್ಲಿ ಒಂದು ಮಗುವಿನ ಜೊತೆಗೂ ಮಾಡಬಹುದು, ತರಗತಿಯಲ್ಲಿ, ಗ್ರಂಥಾಲಯದಲ್ಲಿ, ಬೇಸಿಗೆ ಶಿಬಿರದಲ್ಲಿ ಕೂಡ ಮಾಡಬಹುದು. ಒಂದೇ ದಿನ ಎಲ್ಲವನ್ನೂ ತುರುಕಬೇಡಿ. ವಾರಕ್ಕೊಂದು ಸಲ ಕೂತರೆ ಮಕ್ಕಳೇ ಮುಂದಿನ ಕಂತಿಗೆ ಕಾಯುತ್ತಾರೆ.

ಮೊದಲು ನಿಮ್ಮ ತಯಾರಿ

ಆರೇಳು ಚಿತ್ರ ಸಾಕು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವನ ಕೃತಿಗಳ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿರುವುದರಿಂದ ಒಳ್ಳೆಯ ಗುಣಮಟ್ಟದ ಪ್ರತಿಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡು ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ. ಮೊಬೈಲಿನಲ್ಲಿ ತೋರಿಸಿ ಮುಗಿಸಬೇಡಿ. ಅಂಗೈಯಗಲದ ಪರದೆಯಲ್ಲಿ ಸೀರೆಯ ಜರಿ, ಬಳೆಯ ಹೊಳಪು, ಕಣ್ಣಂಚಿನ ನೀರು ಯಾವುದೂ ಕಾಣುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಎ3 ಅಳತೆಯ ಕಲರ್ ಪ್ರಿಂಟ್ ಹಾಕಿಸಿ. ಮಕ್ಕಳು ನೆಲದ ಮೇಲೆ ಹರಡಿಕೊಂಡು, ಬೆರಳಿಟ್ಟು ನೋಡುವಂತಿರಬೇಕು.

ನನ್ನ ಆಯ್ಕೆ ಇವು: ಲಕ್ಷ್ಮಿ ಮತ್ತು ಸರಸ್ವತಿ, ಕನ್ನಡಿಯ ಮುಂದೆ ಮುಡಿಗೆ ಹೂ ಮುಡಿಯುವ ನಾಯರ್ ಹೆಂಗಸು, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವ ನೆಪದಲ್ಲಿ ತಿರುಗಿ ನೋಡುವ ಶಕುಂತಲೆ, ಹಂಸದ ಮಾತು ಕೇಳುತ್ತಿರುವ ದಮಯಂತಿ, ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಬಾಗಿಲ ಬಳಿ ನಿಂತ ತಾಯಿಯ ಚಿತ್ರ, ಅಂದರೆ 1893ರ ‘ಅಗೋ ಅಪ್ಪ ಬಂದರು’, ಮತ್ತು ಬೇರೆ ಬೇರೆ ಸೀಮೆಯ ಹೆಂಗಸರು ವಾದ್ಯಗಳೊಂದಿಗೆ ಕೂತಿರುವ ‘ಸಂಗೀತಗಾರ್ತಿಯರ ಗುಂಪು’. ಕೊನೆಯದರ ಮೂಲ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ಅಲ್ಲಿಗೆ ಆಮೇಲೆ ಹೋಗೋಣ.

ಒಂದು ಎಚ್ಚರಿಕೆ. ಹಳೆಯ ಕಾಲದ್ದೆನಿಸುವ ಯಾವ ಸುಂದರ ಚಿತ್ರಕ್ಕೂ ರವಿವರ್ಮನ ಹೆಸರು ಅಂಟಿಸುವ ಅಭ್ಯಾಸ ನಮ್ಮಲ್ಲಿದೆ. ಮೈಸೂರಿನಲ್ಲೇ ಇರುವ, ಕೈಯಲ್ಲಿ ದೀಪ ಹಿಡಿದು ಇನ್ನೊಂದು ಕೈಯನ್ನು ಅಡ್ಡ ಹಿಡಿದ ಹೆಂಗಸಿನ ಪ್ರಸಿದ್ಧ ಚಿತ್ರ ರವಿವರ್ಮನದಲ್ಲ. ಅದನ್ನು ಬರೆದವರು ಎಸ್. ಎಲ್. ಹಳದಣಕರ್, 1940ರ ದಶಕದಲ್ಲಿ, ಜಲವರ್ಣದಲ್ಲಿ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಚಿತ್ರಕಾರರ ಬಗ್ಗೆ ಮಕ್ಕಳಿಗೆ ಹೇಳುವವರು ಯಾರ ಕೆಲಸಕ್ಕೆ ಯಾರ ಹೆಸರು ಎಂಬುದರಲ್ಲಿ ಕಟ್ಟುನಿಟ್ಟಾಗಿರಬೇಕು.

ಹಂತ 1: ಹೆಸರು ಹೇಳದೆ ಚಿತ್ರ ತೋರಿಸಿ

ಮೊದಲ ದಿನ ರವಿವರ್ಮ ಎಂಬ ಮಾತೇ ಬರಬಾರದು. ‘ಅಗೋ ಅಪ್ಪ ಬಂದರು’ ಚಿತ್ರವನ್ನು ಶೀರ್ಷಿಕೆ ಹೇಳದೆ ಮಧ್ಯದಲ್ಲಿಡಿ. ತಾಯಿ ಯಾವ ಕಡೆ ನೋಡುತ್ತಿದ್ದಾಳೆ? ಮಗು? ಕಾಲ ಬಳಿಯ ನಾಯಿ? ಅಲ್ಲಿಗೆ ಯಾರು ಬರುತ್ತಿರಬಹುದು? ಇಷ್ಟು ಕೇಳಿ ಸುಮ್ಮನಿರಿ. ದೊಡ್ಡವರಿಗೆ ಕಷ್ಟವಾಗುವ ಭಾಗ ಈ ಸುಮ್ಮನಿರುವುದೇ. ಪೋಸ್ಟ್‌ಮ್ಯಾನ್, ಅಜ್ಜಿ, ಹಾವು, ಐಸ್‌ಕ್ರೀಮ್ ಗಾಡಿ ಎಂದೆಲ್ಲ ಮಕ್ಕಳು ಹೇಳುತ್ತಾರೆ. ಎಲ್ಲವನ್ನೂ ಒಪ್ಪಿಕೊಂಡು, ‘ಹಾಗನ್ನಿಸಿದ್ದು ಯಾಕೆ, ಚಿತ್ರದಲ್ಲಿ ತೋರಿಸು’ ಎಂದು ಕೇಳಿ. ಆಮೇಲೆ ಶೀರ್ಷಿಕೆ ಹೇಳಿ. ಚಿತ್ರದಲ್ಲೆಲ್ಲೂ ಕಾಣದ ಅಪ್ಪನನ್ನು ಚಿತ್ರಕಾರ ನಮಗೆ ತೋರಿಸಿಬಿಟ್ಟನಲ್ಲ ಎಂಬ ಬೆರಗು ಅವರಿಗೆ ಹತ್ತಿದರೆ ಆ ದಿನದ ಕೆಲಸ ಆಯಿತು. ಆ ತಾಯಿ ರವಿವರ್ಮನ ಸ್ವಂತ ಮಗಳು ಮಹಾಪ್ರಭಾ, ಎತ್ತಿಕೊಂಡಿರುವುದು ಅವನ ಮೊಮ್ಮಗ. ಇದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಎರಡನೆಯದಾಗಿ ಲಕ್ಷ್ಮಿಯ ಚಿತ್ರ ತೆಗೆಯಿರಿ. ‘ಇದು ನಮ್ಮನೇಲಿದೆ’ ಎಂದು ಒಬ್ಬರಾದರೂ ಕೂಗುತ್ತಾರೆ. ಆಗ ಕೇಳಿ: ಈ ಲಕ್ಷ್ಮಿ ಹೀಗೆಯೇ ಇರುತ್ತಾಳೆ ಅಂತ ಮೊದಲು ಯಾರಿಗೆ ಗೊತ್ತಾಯಿತು? ಸೀರೆಯ ಬಣ್ಣ, ನೆರಿಗೆ, ಮೂಗಿನ ನತ್ತು ಇವನ್ನೆಲ್ಲ ಯಾರು ಆರಿಸಿದರು? ಯಾರೋ ಒಬ್ಬ ಮನುಷ್ಯ ಕೂತು ಇದನ್ನೆಲ್ಲ ತೀರ್ಮಾನ ಮಾಡಿದ್ದಾನೆ ಎನ್ನುವುದು ಮಕ್ಕಳಿಗೆ ಹೊಸ ಸಂಗತಿ. ಆ ಮನುಷ್ಯ ಯಾರು ಎಂದು ಅವರೇ ಕೇಳುವ ತನಕ ಕಾಯಿರಿ.

ಹಂತ 2: ಕಿಳಿಮಾನೂರಿನ ಗೋಡೆ

ಈಗ ಹೆಸರು, ಊರು ಹೇಳಿ. 1848ರ ಏಪ್ರಿಲ್ 29ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಕಿಳಿಮಾನೂರು ಅರಮನೆಯಲ್ಲಿ ಹುಟ್ಟಿದ ಹುಡುಗ. ತಾಯಿ ಉಮಾ ಅಂಬಾಬಾಯಿ ಕವಿತೆ ಕಟ್ಟುತ್ತಿದ್ದವಳು, ತಂದೆ ನೀಲಕಂಠನ್ ಭಟ್ಟತಿರಿಪಾಡ್ ಸಂಸ್ಕೃತ ವಿದ್ವಾಂಸ. ‘ರಾಜಾ ಅಂದರೆ ಅವನು ರಾಜನಾ?’ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಅರಸು ಮನೆತನಕ್ಕೆ ಸಂಬಂಧಪಟ್ಟ ಕುಟುಂಬ ಅವನದು, ಆದರೆ ಯಾವ ರಾಜ್ಯವನ್ನೂ ಆಳಲಿಲ್ಲ ಎಂದು ನೇರವಾಗಿ ಹೇಳಿ.

ಹುಡುಗ ಇದ್ದಿಲು ಹಿಡಿದು ಮನೆಯ ಗೋಡೆಗಳ ಮೇಲೆ ಪ್ರಾಣಿಗಳನ್ನೂ ದಿನದಿನದ ನೋಟಗಳನ್ನೂ ಬರೆದಿಡುತ್ತಿದ್ದನೆಂಬ ಕಥೆ ತುಂಬ ಪ್ರಸಿದ್ಧ. ಹೇಳಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಗೋಡೆ ಗೀಚುವ ಮಕ್ಕಳು ಯಾವ ಮನೆಯಲ್ಲಿಲ್ಲ? ಆ ಗೀಚನ್ನು ನೋಡಿದ ಸೋದರಮಾವ ರಾಜರಾಜವರ್ಮ ಬೈಯದೆ ಬಣ್ಣ ಕೊಟ್ಟು ಪಾಠ ಶುರು ಮಾಡಿದನಲ್ಲ, ಕಥೆಯ ತಿರುವು ಅದು. ಮಾವ ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುತ್ತಿದ್ದವನು.

ಈ ದಿನದ ಚಟುವಟಿಕೆ ಸುಲಭ. ಗೋಡೆಗೆ ದೊಡ್ಡ ಕಂದು ಕಾಗದ ಅಂಟಿಸಿ, ಮಕ್ಕಳ ಕೈಗೆ ಇದ್ದಿಲ ಚೂರು ಕೊಡಿ. ಬೆಳಗಿನಿಂದ ನೋಡಿದ ಒಂದು ಪ್ರಾಣಿಯನ್ನು ನೆನಪಿನಿಂದ ಬರೆಯಲಿ. ಇದ್ದಿಲಿನಲ್ಲಿ ತಿದ್ದಲು ರಬ್ಬರು ಬೇಡ, ಬೆರಳಲ್ಲಿ ಉಜ್ಜಿದರೆ ಮಸುಕಾಗುತ್ತದೆ. ಬಟ್ಟೆ ಕಪ್ಪಾಗುತ್ತದೆ, ಆಗಲಿ.

ಹಂತ 3: ನೆರಳು ಕಲಿಯುವುದು

ಇಡೀ ಕಥೆಯಲ್ಲಿ ನೀವು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಎರಡು ಬೈಠಕ್ ಹಿಡಿದರೂ ಸರಿ.

ಮೊದಲು ಮೈಸೂರು ಅಥವಾ ತಂಜಾವೂರು ಶೈಲಿಯ ಒಂದು ಚಿತ್ರವನ್ನೂ ರವಿವರ್ಮನ ಒಂದು ಚಿತ್ರವನ್ನೂ ಪಕ್ಕಪಕ್ಕ ಇಡಿ. ಮೈಸೂರು ಶೈಲಿಯಲ್ಲಿ ಚಿನ್ನದ ರೇಕು, ಸ್ಪಷ್ಟ ಗೆರೆ, ಸಮನಾದ ಬಣ್ಣ. ರವಿವರ್ಮನಲ್ಲಿ ಕೆನ್ನೆಯ ಒಂದು ಬದಿ ಬೆಳಕು, ಇನ್ನೊಂದು ಬದಿ ಮಬ್ಬು. ಯಾವುದು ಮೇಲು ಎಂಬ ಪ್ರಶ್ನೆ ಬೇಡ. ವ್ಯತ್ಯಾಸ ಮಾತ್ರ ಕಾಣಲಿ. ಆಮೇಲೆ ಕೋಣೆಯ ಕಿಟಕಿ ಮುಚ್ಚಿ, ಒಂದು ಮಗುವಿನ ಮುಖದ ಪಕ್ಕಕ್ಕೆ ಟಾರ್ಚ್ ಹಿಡಿಯಿರಿ. ಮೂಗಿನ ನೆರಳು ಎಲ್ಲಿ ಬಿತ್ತು? ಟಾರ್ಚ್ ಮೇಲಕ್ಕೆತ್ತಿದರೆ? ಗಲ್ಲದ ಕೆಳಗೆ ಏನಾಯಿತು? ಮುಖ ಉಬ್ಬಿ ಬಂದಂತೆ ಕಾಣುವುದು ನೆರಳಿನಿಂದ ಎಂದು ಅವರೇ ಕಂಡುಕೊಳ್ಳುತ್ತಾರೆ. ಆಗಿನ ದಕ್ಷಿಣ ಭಾರತದಲ್ಲಿ ಈ ವಿದ್ಯೆಯನ್ನು ಎಣ್ಣೆಬಣ್ಣದಲ್ಲಿ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ನಿಧಾನವಾಗಿ ಒಣಗುತ್ತದೆ. ಹಾಗಾಗಿ ಬೆಳಕಿನಿಂದ ನೆರಳಿಗೆ ಒಂದು ಬಣ್ಣವನ್ನು ಇನ್ನೊಂದರಲ್ಲಿ ಕರಗಿಸುತ್ತ ಹೋಗಬಹುದು. ನೀರಿನ ಬಣ್ಣ ಅಷ್ಟು ಹೊತ್ತು ಕಾಯುವುದಿಲ್ಲ.

ಈಗ ಕಥೆ. 1862ರಲ್ಲಿ, ಹದಿನಾಲ್ಕರ ಹುಡುಗನನ್ನು ಮಾವ ತಿರುವನಂತಪುರಕ್ಕೆ ಕರೆದೊಯ್ದು ಮಹಾರಾಜ ಆಯಿಲ್ಯಂ ತಿರುನಾಳ್ ಎದುರು ನಿಲ್ಲಿಸಿದ. ಮಹಾರಾಜ ಮೆಚ್ಚಿ, ಅಲ್ಲೇ ಇದ್ದು ಕಲಿಯಲು ಅವಕಾಶ ಮಾಡಿಕೊಟ್ಟ. ಆದರೆ ಕಲಿಸುವವರು ಯಾರು? ಎಣ್ಣೆಬಣ್ಣ ಬಲ್ಲ ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಕಲಿಸಲು ಒಪ್ಪಲಿಲ್ಲ. ಈ ಹುಡುಗ ನಾಳೆ ತನಗೇ ಪ್ರತಿಸ್ಪರ್ಧಿಯಾದಾನು ಎಂಬ ಅಂಜಿಕೆ. ನಾಯ್ಕರ್ ಬಳಿ ಕೆಲಸ ಮಾಡುತ್ತಿದ್ದ ಅರುಮುಗಂ ಪಿಳ್ಳೈ ಗುರುವಿಗೆ ತಿಳಿಯದಂತೆ ರವಿವರ್ಮನಿಗೆ ತಾನು ಬಲ್ಲಷ್ಟನ್ನು ಹೇಳಿಕೊಟ್ಟ ಎಂದು ಜೀವನಚರಿತ್ರೆಗಳು ಹೇಳುತ್ತವೆ. 1868ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಮಹಾರಾಜನ ಭಾವಚಿತ್ರ ಬರೆಯಲು ಬಂದ. ಅವನೂ ಪಾಠ ಹೇಳಲು ಒಪ್ಪಲಿಲ್ಲ. ತಾನು ಬರೆಯುವಾಗ ನಿಂತು ನೋಡಲು ಮಾತ್ರ ಬಿಟ್ಟ. ಇಪ್ಪತ್ತರ ರವಿವರ್ಮ ನಿಂತು ನೋಡಿದ. ಕೋಣೆಗೆ ಬಂದು ತಾನೇ ಮಾಡಿ ನೋಡಿದ.

ಇದನ್ನು ಮಕ್ಕಳಿಂದ ಆಡಿಸಿ. ಒಬ್ಬರು ನಾಯ್ಕರ್, ಒಬ್ಬರು ಅರುಮುಗಂ, ಒಬ್ಬರು ಜೆನ್ಸನ್, ಒಬ್ಬರು ರವಿವರ್ಮ. ಮಾತು ಅವರದೇ ಇರಲಿ, ನೀವು ಬರೆದುಕೊಡಬೇಡಿ. ನಾಯ್ಕರನ್ನು ಖಳನಾಯಕ ಮಾಡಿಬಿಡುವ ಆತುರ ಮಕ್ಕಳಿಗಿರುತ್ತದೆ. ಆಗ ಆ ಪಾತ್ರದ ಮಗುವನ್ನೇ ಕೇಳಿ: ನಿಮ್ಮ ಅನ್ನ ಈ ವಿದ್ಯೆಯಲ್ಲಿದೆ, ಆಸ್ಥಾನದಲ್ಲಿ ಇರುವುದು ಒಂದೋ ಎರಡೋ ಜಾಗ, ಅರಮನೆಯ ನಂಟಿನ ಹುಡುಗ ಬಂದು ಕಲಿಸು ಅನ್ನುತ್ತಾನೆ, ಏನು ಮಾಡುತ್ತೀರಿ? ಉತ್ತರಗಳು ಗಂಭೀರವಾಗುತ್ತವೆ. ಇನ್ನು ಅರುಮುಗಂ. ಅವನ ಬಗ್ಗೆ ನಮಗೆ ಉಳಿದಿರುವುದು ಇಷ್ಟೇ ಇಷ್ಟು. ಈ ಹೆಸರನ್ನು ಮಕ್ಕಳಿಗೆ ತಪ್ಪದೆ ಕಲಿಸಿ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯನಾದವನು ಅವನೇ.

ಜೊತೆಗೆ ‘ನೋಡಿ ಕಲಿಯುವ’ ಆಟ. ಅಡುಗೆಮನೆಯಲ್ಲಿ ಯಾರಾದರೂ ಚಪಾತಿ ಲಟ್ಟಿಸುವುದನ್ನೋ, ಹೂ ಕಟ್ಟುವುದನ್ನೋ ಮಕ್ಕಳು ಹತ್ತು ನಿಮಿಷ ಸುಮ್ಮನೆ ನೋಡಲಿ. ಪ್ರಶ್ನೆ ಕೇಳುವ ಹಾಗಿಲ್ಲ. ಆಮೇಲೆ ತಾವೇ ಮಾಡಲಿ. ಎಡಗೈ ಹೆಬ್ಬೆರಳು ದಾರವನ್ನು ಯಾವಾಗ ಒತ್ತಿತು ಎಂಬಷ್ಟು ಸೂಕ್ಷ್ಮ ಕಾಣತೊಡಗಿದಾಗ ರವಿವರ್ಮ ಏನು ಮಾಡಿದನೆಂದು ಅವರಿಗೆ ಮೈಗೇ ಅರ್ಥವಾಗುತ್ತದೆ.

ಹಂತ 4: ನಕಾಶೆ ಹಾಸಿ

ಭಾರತದ ಒಂದು ದೊಡ್ಡ ನಕಾಶೆ, ಬಣ್ಣದ ದಾರ, ಗುಂಡುಪಿನ್ನು. ಕಿಳಿಮಾನೂರು, ತಿರುವನಂತಪುರ ಮೊದಲ ಎರಡು ಪಿನ್ನು. ಮೂರನೆಯದು ನಮ್ಮ ಕೊಲ್ಲೂರು. 1870ರಲ್ಲಿ, ಚಿತ್ರಕಲೆಯನ್ನೇ ವೃತ್ತಿಯಾಗಿ ಹಿಡಿಯುವ ಮೊದಲು, ರವಿವರ್ಮ ಮೂಕಾಂಬಿಕೆಯ ಸನ್ನಿಧಿಗೆ ಬಂದು ಕೆಲಕಾಲ ಸೇವೆಯಲ್ಲಿದ್ದ. ಕೇರಳದವರಿಗೆ ಕೊಲ್ಲೂರು ವಿದ್ಯೆಯ ದೇವಿಯ ಕ್ಷೇತ್ರ. ಇವತ್ತಿಗೂ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಅಲ್ಲಿಗೆ ಬರುತ್ತಾರೆ. ನಾಲ್ಕನೆಯ ಪಿನ್ನು ಕೋಳಿಕ್ಕೋಡ್. ಹಣ ಪಡೆದು ಬರೆದ ಮೊದಲ ಚಿತ್ರ ಅಲ್ಲಿನ ನ್ಯಾಯಾಧೀಶರೊಬ್ಬರ ಕುಟುಂಬದ್ದು.

ಆಮೇಲೆ ದಾರ ಬೇಗ ಬೇಗ ಓಡುತ್ತದೆ. 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಹೂ ಮುಡಿಯುವ ನಾಯರ್ ಹೆಂಗಸಿನ ಚಿತ್ರಕ್ಕೆ ಪದಕ. ಅದೇ ವರ್ಷ ವಿಯೆನ್ನಾದಲ್ಲೂ ಅದಕ್ಕೆ ಮನ್ನಣೆ. 1893ರಲ್ಲಿ ಅಮೆರಿಕದ ಶಿಕಾಗೊ ವಿಶ್ವಮೇಳಕ್ಕೆ ಹತ್ತು ಚಿತ್ರ ಹೋದವು, ಪ್ರಶಸ್ತಿ ಬಂತು. ಚಿತ್ರಕಾರ ಮಾತ್ರ ಸಮುದ್ರ ದಾಟಲಿಲ್ಲ. ಪದಕಗಳ ಪಟ್ಟಿಯನ್ನು ಇಷ್ಟಕ್ಕೇ ಬಿಡಿ, ಮಕ್ಕಳಿಗೆ ಅದರಿಂದ ಏನೂ ಸಿಗುವುದಿಲ್ಲ.

ನಿಲ್ಲಬೇಕಾದ ಪಿನ್ನು ಬರೋಡ. ಅಲ್ಲಿನ ಮಹಾರಾಜ ಸಯಾಜಿರಾವ್ ಗಾಯಕ್‌ವಾಡ್ 1888ರಲ್ಲಿ ಹದಿನಾಲ್ಕು ಪುರಾಣ ಚಿತ್ರಗಳನ್ನು ಬರೆದುಕೊಡಲು ಹೇಳಿದ. ಸಮಸ್ಯೆ ಏನು ಗೊತ್ತೇ? ದಮಯಂತಿ ಏನು ಉಟ್ಟಿದ್ದಳು? ಸೀತೆಯ ಉಡುಗೆ ಹೇಗಿತ್ತು? ಒಬ್ಬೊಬ್ಬ ಸೀಮೆಯವರು ಒಂದೊಂದು ಹೇಳುತ್ತಾರೆ. ರವಿವರ್ಮ ತಮ್ಮನ ಜೊತೆ ದೇಶ ಸುತ್ತಿ ಉಡುಗೆ ತೊಡುಗೆ ನೋಡಿದ. ಕೊನೆಗೆ ಆರಿಸಿಕೊಂಡದ್ದು ಸೀರೆಯನ್ನು. ಇಂದು ನಮ್ಮ ಕಣ್ಣಿಗೆ ದೇವತೆ ಎಂದರೆ ಸೀರೆ ಎಂದು ಕೂತುಬಿಟ್ಟಿರುವುದರಲ್ಲಿ ಆ ಆಯ್ಕೆಗೆ ದೊಡ್ಡ ಪಾಲಿದೆ. ಮಕ್ಕಳಿಗೆ ಹೇಳಿ: ಹನುಮಂತನನ್ನೋ ಶಕುಂತಲೆಯನ್ನೋ ಇವತ್ತು ಮೊದಲ ಸಲ ಚಿತ್ರಿಸುವುದು ನೀವೇ ಎಂದಿಟ್ಟುಕೊಳ್ಳಿ, ಉಡುಗೆ ಏನು ಕೊಡುತ್ತೀರಿ, ಯಾಕೆ?

ಹಂತ 5: ತಮ್ಮ ಮತ್ತು ತಂಗಿ

1860ರಲ್ಲಿ ಹುಟ್ಟಿದ ತಮ್ಮ ಸಿ. ರಾಜರಾಜವರ್ಮ ಅಣ್ಣನ ನೆರಳಾಗಿ ಅಲ್ಲ, ಜೊತೆಗಾರನಾಗಿ ಇದ್ದವನು. ಸ್ವತಃ ಒಳ್ಳೆಯ ಚಿತ್ರಕಾರ, ನಿಸರ್ಗದ ನೋಟಗಳಲ್ಲಿ ಅವನ ಕೈ ಪಳಗಿತ್ತು. ಅಣ್ಣನ ಅನೇಕ ಚಿತ್ರಗಳ ಹಿನ್ನೆಲೆಯ ಬೆಟ್ಟ, ಮರ, ನೀರು ಅವನದು. ಓಡಾಟ, ವ್ಯವಹಾರ, ಪತ್ರ ಎಲ್ಲದರಲ್ಲೂ ಹೆಗಲು ಕೊಟ್ಟ. 1895ರಿಂದ 1904ರವರೆಗೆ ಇಂಗ್ಲಿಷಿನಲ್ಲಿ ದಿನಚರಿ ಬರೆದಿಟ್ಟ. ಇವತ್ತು ನಮಗೆ ರವಿವರ್ಮನ ಕೊನೆಯ ವರ್ಷಗಳ ಓಡಾಟ, ಕೆಲಸ ಅಷ್ಟು ವಿವರವಾಗಿ ಗೊತ್ತಿರುವುದಕ್ಕೆ ಆ ಪುಟಗಳೇ ಕಾರಣ. 1905ರಲ್ಲಿ ತಮ್ಮ ತೀರಿಕೊಂಡ, ಮರುವರ್ಷ ಅಣ್ಣ.

ತಂಗಿ ಮಂಗಳಾಬಾಯಿಯೂ ಎಣ್ಣೆಬಣ್ಣದಲ್ಲಿ ಬರೆದವಳು. ಅಣ್ಣನ ಭಾವಚಿತ್ರವನ್ನೂ ಬರೆದಿದ್ದಾಳೆ. ಅಣ್ಣಂದಿರು ಊರೂರು ಸುತ್ತಿ ಕಲಿತರು, ಅವಳಿಗೆ ಆ ದಾರಿ ಇರಲಿಲ್ಲ. ‘ಅವಳ ಹೆಸರು ಯಾಕೆ ಯಾರಿಗೂ ಗೊತ್ತಿಲ್ಲ?’ ಎಂದು ಹುಡುಗಿಯರು ಕೇಳುತ್ತಾರೆ. ಮಾತು ತಿರುಗಿಸಬೇಡಿ, ಆ ಕಾಲದ ಹೆಣ್ಣುಮಕ್ಕಳ ಸ್ಥಿತಿಯನ್ನು ಇದ್ದಂತೆ ಹೇಳಿ.

ಕೆಲಸ: ಮನೆಯಲ್ಲಿ ಏನಾದರೂ ಮಾಡುವ ಒಬ್ಬರ, ಅಂದರೆ ಹೊಲಿಯುವ ಅತ್ತೆಯ, ಗಾಡಿ ರಿಪೇರಿ ಮಾಡುವ ಮಾವನ, ರಂಗೋಲಿ ಹಾಕುವ ಅಜ್ಜಿಯ ಕೆಲಸವನ್ನು ಮಕ್ಕಳು ಒಂದು ವಾರ ದಿನಚರಿಯಾಗಿ ಬರೆಯಲಿ. ಹೊಗಳಿಕೆ ಬೇಡ. ಏನು ಮಾಡಿದರು, ಎಷ್ಟು ಹೊತ್ತು, ಏನು ಕೆಟ್ಟಿತು, ಯಾರು ಬಂದರು, ಅಷ್ಟೇ.

ಹಂತ 6: ಅಚ್ಚಿನ ಮನೆ

ಮಕ್ಕಳು ಕುಣಿದಾಡುವ ಹಂತ ಇದು. ಕೈ ಗಲೀಜಾಗುವುದು ಇಲ್ಲಿಯೇ.

ಅರಮನೆಯ ಗೋಡೆಯ ಮೇಲಿನ ಚಿತ್ರವನ್ನು ಎಷ್ಟು ಜನ ನೋಡಲು ಸಾಧ್ಯ? ಬರೋಡದ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಾಗ ಜನ ಮುಗಿಬಿದ್ದಿದ್ದರು. ಚಿತ್ರಗಳನ್ನು ಅಚ್ಚು ಹಾಕಿಸಿದರೆ ಎಲ್ಲರಿಗೂ ಮುಟ್ಟುತ್ತವೆ ಎಂದು ತಿರುವಾಂಕೂರಿನ ದಿವಾನರಾಗಿದ್ದ ಟಿ. ಮಾಧವರಾವ್ ಹಿಂದೆಯೇ ಸಲಹೆ ಕೊಟ್ಟಿದ್ದರು. 1894ರಲ್ಲಿ ಅಣ್ಣತಮ್ಮಂದಿರು ಮುಂಬಯಿಯಲ್ಲಿ ಅಚ್ಚಿನ ಮನೆ ತೆರೆದರು. ಯಂತ್ರ ಜರ್ಮನಿಯದು, ತಂತ್ರಜ್ಞರೂ ಅಲ್ಲಿಯವರು. ಮೊದಲು ಅಚ್ಚಾದದ್ದು ಶಕುಂತಲೆಯ ಜನ್ಮದ ಚಿತ್ರ. ಆಮೇಲೆ ಲೋಣಾವಳಾ ಬಳಿಯ ಮಳವಳಿಗೆ ಅಚ್ಚಿನ ಮನೆ ಸ್ಥಳಾಂತರವಾಯಿತು. (ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿ ಎಂದುಕೊಳ್ಳುವ ಮಕ್ಕಳಿರುತ್ತಾರೆ, ನಕಾಶೆಯಲ್ಲಿ ತೋರಿಸಿಬಿಡಿ.) ಸಾಲ ಬೆಳೆದು, ಕೊನೆಗೆ ಅಲ್ಲಿಯೇ ಕೆಲಸಕ್ಕಿದ್ದ ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಬೇಕಾಯಿತು. ಮಹಾನ್ ಚಿತ್ರಕಾರನಿಗೆ ವ್ಯಾಪಾರ ಕೈಹತ್ತಲಿಲ್ಲ ಎಂಬುದನ್ನೂ ಹೇಳಿ.

ಕಲ್ಲಚ್ಚಿನ ಗುಟ್ಟು ಹೀಗೆ: ನುಣುಪು ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿದರೆ ಜಿಡ್ಡಿದ್ದಲ್ಲಿ ನೀರು ನಿಲ್ಲದು, ಉಳಿದ ಕಡೆ ನಿಲ್ಲುತ್ತದೆ. ಈಗ ಎಣ್ಣೆಯ ಮಸಿ ಉರುಳಿಸಿದರೆ ಅದು ಜಿಡ್ಡಿಗೆ ಮಾತ್ರ ಹಿಡಿಯುತ್ತದೆ. ಕಾಗದ ಒತ್ತಿದರೆ ಚಿತ್ರ. ಆದರೆ ಒಂದು ಕಲ್ಲಿಗೆ ಒಂದೇ ಬಣ್ಣ. ಸೀರೆಯ ಕೆಂಪಿಗೊಂದು, ಎಲೆಯ ಹಸಿರಿಗೊಂದು, ಮೈಬಣ್ಣದ ಛಾಯೆಗಳಿಗೆ ಮತ್ತೆ ಬೇರೆ ಬೇರೆ ಕಲ್ಲು. ಅದೇ ಕಾಗದ ಎಲ್ಲ ಕಲ್ಲುಗಳ ಮೇಲೂ ಒಂದು ಕೂದಲೆಳೆ ಆಚೀಚೆಯಾಗದೆ ಕೂರಬೇಕು. ಕೊನೆಗೆ ಮೇಲೆ ವಾರ್ನಿಷ್ ಬಳಿದು ಎಣ್ಣೆಚಿತ್ರದ ಹೊಳಪು ತರುತ್ತಿದ್ದರು. ಅದಕ್ಕೇ ಓಲಿಯೊಗ್ರಾಫ್ ಎಂಬ ಹೆಸರು. ಕೊಂಡವರು ಮನೆಯಲ್ಲಿ ಅದಕ್ಕೆ ಜರಿ, ಮಣಿ, ಬಟ್ಟೆ ಅಂಟಿಸಿ ಸಿಂಗರಿಸಿದ್ದೂ ಉಂಟು. ಹಳೆಯ ಮನೆಗಳಲ್ಲಿ ಅಂಥ ಪಟ ಇನ್ನೂ ಸಿಕ್ಕೀತು, ಅಜ್ಜಿಯರನ್ನು ಕೇಳಿಸಿ.

ಮಕ್ಕಳು ಮಾಡಲಿಕ್ಕೆ: ಒಂದು ಮಾವಿನ ಹಣ್ಣಿನ ಚಿತ್ರ. ಮೂರು ರಟ್ಟಿನ ತುಂಡು. ಒಂದರಲ್ಲಿ ಹಳದಿ ಬರುವ ಜಾಗ ಕತ್ತರಿಸಿ, ಇನ್ನೊಂದರಲ್ಲಿ ತೊಟ್ಟಿನ ಬಳಿಯ ಕೆಂಪಿನ ಜಾಗ, ಮೂರನೆಯದರಲ್ಲಿ ಎಲೆ. ರಟ್ಟಿನ ಮೂಲೆಗಳಿಗೂ ಕಾಗದದ ಮೂಲೆಗಳಿಗೂ ಗುರುತು ಹಾಕಿಕೊಳ್ಳಿ. ಸ್ಪಂಜಿಗೆ ಬಣ್ಣ ಅದ್ದಿ ಒಂದಾದ ಮೇಲೊಂದು ಒತ್ತುತ್ತ ಬನ್ನಿ, ನಡುವೆ ಒಣಗಲು ಬಿಡಿ. ಗುರುತು ಸ್ವಲ್ಪ ತಪ್ಪಿದರೂ ಎಲೆ ಹಣ್ಣಿನ ಮೇಲೆ ಹತ್ತುತ್ತದೆ. ಒಂದೇ ಥರದ ಐದು ಪ್ರತಿ ತೆಗೆಯುವ ಹೊತ್ತಿಗೆ ಅಚ್ಚಿನ ಮನೆಯ ಕೆಲಸಗಾರರ ಬಗ್ಗೆ ಗೌರವ ತಾನಾಗಿ ಬರುತ್ತದೆ. ಆ ಕೆಲಸಗಾರರಲ್ಲೊಬ್ಬ ಮುಂದೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಸಿನಿಮಾ ತೆಗೆದ ದಾದಾಸಾಹೇಬ್ ಫಾಲ್ಕೆ ಎಂದು ಈಗ ಹೇಳಿ.

ಇನ್ನೊಂದನ್ನೂ ಇಲ್ಲಿ ಹೇಳಲೇಬೇಕು. ಆ ದಿನಗಳಲ್ಲಿ ಎಷ್ಟೋ ಜಾತಿಗಳ ಜನರಿಗೆ ದೇವಸ್ಥಾನದ ಒಳಗೆ ಹೋಗಲು ಬಿಡುತ್ತಿರಲಿಲ್ಲ. ರವಿವರ್ಮನ ತಿರುವಾಂಕೂರಿನಲ್ಲೇ ಆ ಬಾಗಿಲು ತೆರೆದದ್ದು 1936ರ ಘೋಷಣೆಯಿಂದ. ಅದಕ್ಕೆ ನಾಲ್ಕು ದಶಕ ಮೊದಲೇ ಅಚ್ಚಾದ ಪಟದ ಮೂಲಕ ದೇವರು ಯಾರ ಮನೆಗೆ ಬೇಕಾದರೂ ಬರುವಂತಾಯಿತು. ಹತ್ತು ವರ್ಷ ದಾಟಿದ ಮಕ್ಕಳಿಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ.

ಹಂತ 7: ಕಷ್ಟದ ಪ್ರಶ್ನೆಗಳಿಗೆ ಬಾಗಿಲು ತೆರೆದಿಡಿ

‘ಇವನ ದೇವತೆಗಳೆಲ್ಲ ಬೆಳ್ಳಗೆ ಯಾಕಿದ್ದಾರೆ?’ ಈ ಪ್ರಶ್ನೆ ಬಂದರೆ ಸಂತೋಷಪಡಿ. ರವಿವರ್ಮನ ಚಿತ್ರಗಳಲ್ಲಿ ಬೆಳ್ಳಗಿನ, ದುಂಡುಮುಖದ, ಸಿರಿವಂತ ಮನೆಯ ಹೆಣ್ಣಿನ ರೂಪವೇ ಸೌಂದರ್ಯದ ಅಳತೆಗೋಲಾಗಿ ನಿಂತಿತು, ಆ ಅಚ್ಚುಗಳು ಮನೆಮನೆ ತಲುಪಿದ್ದರಿಂದ ಅದು ಇನ್ನಷ್ಟು ಬೇರೂರಿತು ಎಂಬ ಟೀಕೆ ಇದೆ, ಅದರಲ್ಲಿ ಸತ್ಯವೂ ಇದೆ. ಅವನ ನಂತರದ ಬಂಗಾಳದ ಚಿತ್ರಕಾರರು, ಕಲಾವಿಮರ್ಶಕ ಆನಂದ ಕುಮಾರಸ್ವಾಮಿ ಮುಂತಾದವರು ಇವನ ಚಿತ್ರಗಳನ್ನು ನಾಟಕೀಯ, ಯುರೋಪಿನ ಅನುಕರಣೆ ಎಂದು ತಳ್ಳಿಹಾಕಿದರು. ನನಗೆ ಆ ಮಾತು ಪೂರ್ತಿ ನ್ಯಾಯವಾದದ್ದೆನಿಸುವುದಿಲ್ಲ. ಎರಡು ಕಡೆಯ ವಾದವನ್ನೂ ಮಕ್ಕಳ ಮುಂದಿಟ್ಟು, ಚಿತ್ರ ನೋಡಿ ಅವರೇ ಹೇಳಲಿ.

1866ರಲ್ಲಿ, ಹದಿನೆಂಟರ ರವಿವರ್ಮನಿಗೆ ಮದುವೆಯಾದಾಗ ಮಾವೇಲಿಕ್ಕರದ ಭಾಗೀರಥಿಗೆ ಹನ್ನೆರಡು ವರ್ಷ. ಮಕ್ಕಳು ಲೆಕ್ಕ ಹಾಕಿ ಬೆಚ್ಚುತ್ತಾರೆ. ‘ಆಗ ಹಾಗಿತ್ತು’ ಎಂದು ತೇಲಿಸದೆ, ಅದು ಯಾಕೆ ತಪ್ಪು, ಈಗ ಕಾನೂನು ಏನು ಹೇಳುತ್ತದೆ ಎಂದು ತಿಳಿಸಿ. ಒಬ್ಬ ಮನುಷ್ಯನ ಕಲೆಯನ್ನು ಪ್ರೀತಿಸುತ್ತಲೇ ಅವನ ಕಾಲದ ಅನ್ಯಾಯವನ್ನು ಗುರುತಿಸಲು ಮಕ್ಕಳಿಗೆ ಬರುತ್ತದೆ. ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬರುತ್ತದೆ.

ಹಂತ 8: ಮೂಲ ಚಿತ್ರದ ಎದುರು ನಿಲ್ಲಿಸಿ

ಮೈಸೂರಿನ ಒಡೆಯರ ಆಸ್ಥಾನಕ್ಕೆ ರವಿವರ್ಮ ಮೊದಲು ಬಂದದ್ದು 1885ರ ಸುಮಾರಿಗೆ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಕೊನೆಯ ವರ್ಷಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪುರಾಣ ಚಿತ್ರಗಳನ್ನು ಬರೆದ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯಲ್ಲಿ ಈಗ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ ಇದೆ. ರವಿವರ್ಮನ ಚಿತ್ರಗಳ ಜೊತೆ ಹಳದಣಕರರ ದೀಪದ ಹೆಂಗಸೂ ಅಲ್ಲೇ. ಹೊರಡುವ ಮೊದಲು ತೆರೆದಿರುವ ದಿನ, ವೇಳೆ, ಫೋಟೊ ತೆಗೆಯಲು ಅನುಮತಿ ಇದೆಯೋ ವಿಚಾರಿಸಿಕೊಳ್ಳಿ. ಹೊರರಾಜ್ಯದಲ್ಲಿರುವ ಕನ್ನಡಿಗರಿಗೆ ತಿರುವನಂತಪುರದ ರಾಜಾ ರವಿವರ್ಮ ಆರ್ಟ್ ಗ್ಯಾಲರಿ, ವಡೋದರದ ಮಹಾರಾಜ ಫತೇಸಿಂಗ್ ವಸ್ತುಸಂಗ್ರಹಾಲಯ ಹತ್ತಿರವಾದೀತು.

ಒಳಗೆ ಹೋದಮೇಲೆ ಎಲ್ಲವನ್ನೂ ನೋಡಿಸುವ ಹಟ ಬೇಡ. ಮೂರು ಚಿತ್ರ ಸಾಕು. ‘ಸಂಗೀತಗಾರ್ತಿಯರ ಗುಂಪಿ’ನ ಮುಂದೆ ನೆಲದ ಮೇಲೆ ಕೂರಿಸಿ. ಎಷ್ಟು ಹೆಂಗಸರು? ಹನ್ನೊಂದು. ಯಾರ್ಯಾರು ಯಾವ ಸೀಮೆಯವರಿರಬಹುದು, ಉಡುಗೆ ನೋಡಿ ಹೇಳಲಿ. ವೀಣೆ ಯಾರ ಕೈಯಲ್ಲಿದೆ? ಯಾರು ನಮ್ಮನ್ನೇ ನೋಡುತ್ತಿದ್ದಾರೆ? ಆಮೇಲೆ ತೀರ ಹತ್ತಿರ ಹೋಗಲಿ, ಮುಟ್ಟದೆ. ದೂರದಿಂದ ಜರಿಯಂತೆ ಹೊಳೆದದ್ದು ಹತ್ತಿರದಿಂದ ಹಳದಿ ಬಣ್ಣದ ಕೆಲವು ಗೀಟು ಮಾತ್ರ. ಮತ್ತೆ ಹಿಂದೆ ಬಂದರೆ ಮತ್ತೆ ಜರಿ. ಈ ಹಿಂದೆ ಮುಂದೆ ಹೋಗುವ ಆಟವನ್ನು ಯಾವ ಪ್ರಿಂಟೂ ಕೊಡಲಾರದು. ದೀಪದ ಹೆಂಗಸಿನ ಮುಂದೆ ಯಾರಾದರೂ ‘ರವಿವರ್ಮನ ಚಿತ್ರ’ ಎಂದರೆ ನಿಮ್ಮ ಮಕ್ಕಳೇ ತಿದ್ದುತ್ತಾರೆ, ಕಾದು ನೋಡಿ.

ಹಂತ 9: ಈಗ ಕಥೆ ಅವರದು

ಪ್ರಬಂಧ ಬರೆಸಬೇಡಿ. ಬರೆಸಿದರೆ ‘ಮಹಾನ್ ಚಿತ್ರಕಾರರಾದ 29-4-1848ರಂದು ಜನಿಸಿದ’ ಎಂದೇ ಶುರುವಾಗುತ್ತದೆ. ಬದಲಿಗೆ ಒಬ್ಬೊಬ್ಬರೂ ರವಿವರ್ಮನ ಸುತ್ತಲಿನ ಒಬ್ಬರಾಗಿ ಅವನ ಬಗ್ಗೆ ಹೇಳಲಿ: ಗೋಡೆ ಒರೆಸಿದ ಆಳು, ಮಾವ, ನಾಯ್ಕರ್, ಅರುಮುಗಂ, ತಂಗಿ ಮಂಗಳಾ, ಕಲ್ಲಿಗೆ ನೀರು ಬಳಿದ ಕೆಲಸಗಾರ, ಮೊದಲ ಸಲ ಪಟ ಕೊಂಡು ಮನೆಗೆ ತಂದ ಹೆಂಗಸು. ಎಂಟು ವರ್ಷದ ಮಕ್ಕಳು ನಾಲ್ಕು ಮಾತು ಹೇಳಿ ಒಂದು ಚಿತ್ರ ಬರೆದರೆ ಸಾಕು. ದೊಡ್ಡ ಮಕ್ಕಳು ಒಂದು ಪುಟ ಬರೆಯಲಿ. ಎಲ್ಲವನ್ನೂ ಸೇರಿಸಿ ದಾರದಲ್ಲಿ ಹೊಲಿದು ಪುಸ್ತಕ ಮಾಡಿ, ಗ್ರಂಥಾಲಯದಲ್ಲೋ ತರಗತಿಯಲ್ಲೋ ಇತರರು ಓದುವಂತೆ ಇಡಿ. ಕಥೆಯಲ್ಲಿ ಕಲ್ಪನೆ ಎಷ್ಟು, ನಿಜ ಎಷ್ಟು ಎಂದು ಪುಟದ ಕೊನೆಗೆ ಅವರೇ ಒಂದು ಸಾಲು ಬರೆಯುವುದು ಕಡ್ಡಾಯ. ಹತ್ತು ದಾಟಿದವರಿಗೆ ಇದು ತುಂಬ ಒಳ್ಳೆಯ ಅಭ್ಯಾಸ.

ಆಕಾಶದ ಹುಚ್ಚಿರುವ ಮಗುವೊಂದು ಗುಂಪಿನಲ್ಲಿ ಇದ್ದೇ ಇರುತ್ತದೆ. ಅದಕ್ಕೊಂದು ಪುಟ ಉಳಿಸಿಡಿ. ಬುಧ ಗ್ರಹದ ಕುಳಿಗಳಿಗೆ ಕಲಾವಿದರ, ಕವಿಗಳ, ಸಂಗೀತಗಾರರ ಹೆಸರಿಡುವ ಪದ್ಧತಿಯಿದೆ. 2013ರಲ್ಲಿ ಒಂದು ಕುಳಿಗೆ ‘ವರ್ಮ’ ಎಂದು ಹೆಸರಿಟ್ಟರು. ಅರುಮುಗಂ ಪಿಳ್ಳೈ ಹೆಸರಿನ ಕುಳಿ ಇಲ್ಲ. ಆ ಪುಟದಲ್ಲಿ ಅವನ ಹೆಸರನ್ನು ಎಲ್ಲಿ ಬರೆಯಬೇಕೆಂದು ಮಕ್ಕಳು ತಾವೇ ಜಗಳವಾಡಿ ತೀರ್ಮಾನಿಸಲಿ.